ಪೀಣ್ಯದ ಕೆಲಸ ಬಿಡಲಾ, ದೋಸೆ ಹಿಟ್ಟು ಬಿಡಲಾ? ಸೋಮವಾರದೊಳಗೆ ಹೇಳಬೇಕು

ಹಿಟ್ಟಿನ ಮನೆ (ಗುರುವಾರ, ರಾತ್ರಿ 10:50)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗಬಹುದು, ಬೈಯಬೇಡಿ.

ನಾನು ಪೀಣ್ಯದಲ್ಲಿ ಒಂದು ಪಾರ್ಟ್ಸ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಹನ್ನೊಂದು ವರ್ಷ ಆಯಿತು. ಜನರಲ್ ಶಿಫ್ಟ್, ಎಂಟೂವರೆಗೆ ಪಂಚ್, ಐದೂವರೆಗೆ ಬಿಡುಗಡೆ. ಕೈಗೆ 34 ಸಾವಿರ. ಬಾಗಲಗುಂಟೆಯಲ್ಲಿ ಬಾಡಿಗೆ ಮನೆ.

ಎರಡು ವರ್ಷದ ಹಿಂದೆ ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡಿದೆ. ಮೊದಲು ಮನೆಯ ಎರಡು ಲೀಟರ್ ಗ್ರೈಂಡರ್, ಪಕ್ಕದ ಬೀದಿಯ ಒಂದೇ ಅಂಗಡಿ, ದಿನಕ್ಕೆ ಆರು ಪ್ಯಾಕೆಟ್. ಈಗ ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಇದೆ. ಒಂಬತ್ತು ಅಂಗಡಿಗೆ ದಿನಕ್ಕೆ 50 ಪ್ಯಾಕೆಟ್ ಹಾಕುತ್ತೇನೆ, ಒಂದೊಂದು ಕೆ.ಜಿ.ಯದ್ದು. ಎಂಆರ್‌ಪಿ 60, ಅಂಗಡಿಗೆ 48. ಅಕ್ಕಿ, ಉದ್ದು, ಕವರ್, ಕರೆಂಟ್ ಎಲ್ಲ ಸೇರಿ ಒಂದು ಪ್ಯಾಕೆಟ್‌ಗೆ 30 ಬೀಳುತ್ತದೆ. ದಿನಾ ಐದಾರು ಪ್ಯಾಕೆಟ್ ವಾಪಸ್ ಬರುತ್ತವೆ, ಉಬ್ಬಿದ್ದು ಇಲ್ಲವೇ ಹುಳಿ ಜಾಸ್ತಿ ಆದದ್ದು. ಅದರ ದುಡ್ಡು ಅಂಗಡಿಯವರು ಮುರಿದುಕೊಳ್ಳುತ್ತಾರೆ. ಪೆಟ್ರೋಲ್ ಕಳೆದು ತಿಂಗಳಿಗೆ ಸುಮಾರು 17 ಸಾವಿರ ಉಳಿಯುತ್ತದೆ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಪ್ಯಾಕ್ ಮಾಡಿ, ಏಳರೊಳಗೆ ಸ್ಕೂಟರಿನಲ್ಲಿ ಹಾಕಿ, ಸ್ನಾನ ಮಾಡಿ ಫ್ಯಾಕ್ಟರಿಗೆ ಹೋಗುತ್ತೇನೆ. ಸಂಜೆ ವಸೂಲಿ. ಮನೆಯವರೂ ಸ್ವಲ್ಪ ಸಹಾಯ ಮಾಡುತ್ತಾರೆ.

ಈಗ ಒಂದೇ ವಾರದಲ್ಲಿ ಎರಡು ಬಾಗಿಲು ತೆರೆದವು. ಒಂದು, ಮ್ಯಾನೇಜರ್ ಕರೆದು ಶಿಫ್ಟ್ ಸೂಪರ್‌ವೈಸರ್ ಮಾಡುತ್ತೇವೆ ಎಂದರು. ಆರೂವರೆ ಸಾವಿರ ಜಾಸ್ತಿ, ಆದರೆ ಮೂರು ಪಾಳಿ, ನೈಟೂ ಇರುತ್ತದೆ. ಎರಡು, ಜಾಲಹಳ್ಳಿ ಕ್ರಾಸ್ ಹತ್ತಿರದ ಒಂದು ದೊಡ್ಡ ಪಿ.ಜಿ.ಯವರು ದಿನಕ್ಕೆ 40 ಕೆ.ಜಿ. ಬೇಕು, ಕೆ.ಜಿ.ಗೆ 42 ಕೊಡುತ್ತೇವೆ ಎನ್ನುತ್ತಿದ್ದಾರೆ. ಕವರ್ ಬೇಡ, ಕ್ಯಾನಿನಲ್ಲಿ ಸಾಕು. ಅಂದರೆ 27ರ ಖರ್ಚು, ತಿಂಗಳಿಗೆ ಇನ್ನೊಂದು 18 ಸಾವಿರ.

ಕೆಲಸ ಬಿಟ್ಟು ಪೂರ್ತಿ ಹಿಟ್ಟಿಗೇ ಇಳಿಯಲಾ? ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ, ಕಂಪನಿ ಮೆಡಿಕ್ಲೇಮ್‌ನಲ್ಲಿ ಇದ್ದಾರೆ. ಮಗ ಮೂರನೇ ಕ್ಲಾಸ್. ಉಳಿತಾಯ 1.8 ಲಕ್ಷ. ಸೋಮವಾರ ಮ್ಯಾನೇಜರ್‌ಗೆ ಉತ್ತರ ಹೇಳಬೇಕು.

ತಿಂಡಿಪೋತ (ರಾತ್ರಿ 10:58)

ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ. ನಾನು ಎಂಟನೇ ಮೈಲಿಯಲ್ಲಿ ಇದ್ದೇನೆ.

ನುಗ್ಗಿ ನೋಡು (ರಾತ್ರಿ 11:05)

ಬಿಟ್ಟುಬಿಡಿ ಗುರು! ಇದೇ ಬೆಂಗಳೂರಿನಲ್ಲಿ ಇದೇ ದೋಸೆ ಹಿಟ್ಟಿನಿಂದ ಐಡಿ ಫ್ರೆಶ್ ಕಂಪನಿಯ ಮುಸ್ತಫಾ ಎಲ್ಲಿಗೆ ಹೋದರು ನೋಡಿ. ಅವರೂ ಸಣ್ಣ ಕೋಣೆಯಲ್ಲೇ ಶುರು ಮಾಡಿದ್ದು. ಸಂಬಳ ಅನ್ನುವುದು ಅಫೀಮು. ಒಂದನೇ ತಾರೀಕು ಬಂತು ಅಂದರೆ ಎಲ್ಲ ಮರೆತುಹೋಗುತ್ತದೆ.

ಬೇಕರಿ ಮುಚ್ಚಿದವನು (ರಾತ್ರಿ 11:21)

ಮೇಲಿನವರ ಮಾತು ಕೇಳಬೇಡಿ ಅಣ್ಣ. ನಾನು ಕೇಳಿದ್ದೆ.

2019ರಲ್ಲಿ ಕೊರಿಯರ್ ಕಂಪನಿಯ ಕೆಲಸ ಬಿಟ್ಟು ನೆಲಮಂಗಲದ ಹತ್ತಿರ ಸಣ್ಣ ಬೇಕರಿ ಹಾಕಿದೆ. ಪಿಎಫ್ ದುಡ್ಡು ಪೂರ್ತಿ ಓವನ್‌ಗೆ ಹೋಯಿತು. ಮೊದಲ ಐದು ತಿಂಗಳು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಬಾಡಿಗೆ ನಿಲ್ಲಲಿಲ್ಲ, ಅಡ್ವಾನ್ಸ್‌ನಲ್ಲಿ ಮುರಿದುಕೊಂಡರು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ಬಿಟ್ಟಾಗ ಇದ್ದ ಸಂಬಳಕ್ಕಿಂತ ಕಡಿಮೆಗೆ.

ಕೊರೋನಾ ಮತ್ತೆ ಬರುತ್ತದೆ ಎಂದು ಹೇಳುತ್ತಿಲ್ಲ. ಆದರೆ ಅಮ್ಮ ಒಂದು ಸಲ ಆಸ್ಪತ್ರೆಗೆ ಸೇರಿದರೆ 1.8 ಲಕ್ಷ ಎಷ್ಟು ದಿನ ಬರುತ್ತದೆ? ಬಿಪಿ, ಶುಗರ್ ಇರುವವರಿಗೆ ಹೊರಗೆ ಹೊಸ ಪಾಲಿಸಿ ಮಾಡಿಸಲು ಹೋಗಿ ನೋಡಿ. ಪ್ರೀಮಿಯಂ ಕೇಳಿ ತಲೆ ತಿರುಗುತ್ತದೆ. ಮೇಲೆ, ಮೊದಲೇ ಇರುವ ಕಾಯಿಲೆಗೆ ಇಷ್ಟು ವರ್ಷ ಕಾಯಿರಿ ಎನ್ನುತ್ತಾರೆ. ಕೆಲಸ ಬಿಡುವ ಮೊದಲು ಅದನ್ನು ಮಾಡಿಸಿ. ಆಮೇಲೆ ಗ್ರೈಂಡರ್ ಮಾತು.

ನುಗ್ಗಿ ನೋಡು (ರಾತ್ರಿ 11:24)

ನಿಮಗೆ ಆಗಲಿಲ್ಲ ಎಂದರೆ ಎಲ್ಲರಿಗೂ ಆಗುವುದಿಲ್ಲ ಎಂದಲ್ಲ.

ಬೇಕರಿ ಮುಚ್ಚಿದವನು (ರಾತ್ರಿ 11:25)

ಮುಸ್ತಫಾಗೆ ಆಯಿತು ಎಂದರೆ ಎಲ್ಲರಿಗೂ ಆಗುತ್ತದೆ ಎಂದೂ ಅಲ್ಲ ಅಲ್ವಾ?

ಶಾರದಕ್ಕ (ಶುಕ್ರವಾರ, ಬೆಳಿಗ್ಗೆ 6:10)

ತಮ್ಮಾ, ನನಗೆ ಒಂದು ವಿಷಯ ಅರ್ಥ ಆಗಲಿಲ್ಲ. ಎಂಟೂವರೆಯಿಂದ ಐದೂವರೆ ನೀನು ಪೀಣ್ಯದಲ್ಲಿ. ಬೆಳಿಗ್ಗೆ ಪ್ಯಾಕ್ ಮಾಡುವ ಹಿಟ್ಟು ರಾತ್ರಿಯೆಲ್ಲ ಹುಳಿ ಬರಬೇಕು ಎಂದರೆ ಸಂಜೆ ಆರರೊಳಗೆ ರುಬ್ಬಿ ಮುಗಿದಿರಬೇಕು. ಅದಕ್ಕೆ ಹನ್ನೊಂದಕ್ಕೇ ನೆನೆ ಹಾಕಬೇಕು. 20 ಕೆ.ಜಿ. ಅಕ್ಕಿ ಬೇಳೆ ತೊಳೆಯುವುದು ಯಾರು, ರುಬ್ಬುವುದು ಯಾರು, ಗ್ರೈಂಡರ್ ಕಲ್ಲು ತೊಳೆಯುವುದು ಯಾರು?

"ಸ್ವಲ್ಪ ಸಹಾಯ" ಅಂತೆ.

ಧಾರವಾಡದ ಮೊಮ್ಮಗಳು (ಬೆಳಿಗ್ಗೆ 6:32)

ಶಾರದಕ್ಕ, ಸರಿಯಾಗಿ ಹಿಡಿದಿರಿ 😀 ನಾನೂ ಇದನ್ನೇ ಬರೆಯಬೇಕೆಂದಿದ್ದೆ.

ಲೆಕ್ಕದ ಚೀಟಿ (ಬೆಳಿಗ್ಗೆ 9:15)

ನಾನು ಆಡಿಟರ್ ಆಫೀಸಿನಲ್ಲಿ ಇದ್ದೇನೆ. ಕೆಲಸ ಬಿಡಬೇಕೋ ಬೇಡವೋ ನನಗೆ ಗೊತ್ತಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ.

ನಿಮ್ಮ 17 ಸಾವಿರ ಸರಿ ಇದೆ. 50 ಪ್ಯಾಕೆಟ್‌ಗೆ ತಲಾ 18, ದಿನಕ್ಕೆ 900. ವಾಪಸ್‌ಗೆ 260 ಹೋಯಿತು, ಪೆಟ್ರೋಲ್ 70. ಉಳಿದದ್ದು 570. ಆದರೆ ನೀವು ದಿನಕ್ಕೆ ಮೂರೂವರೆ ಗಂಟೆ, ಮನೆಯವರು ಕಡಿಮೆ ಎಂದರೂ ನಾಲ್ಕು ಗಂಟೆ. ತಿಂಗಳಿಗೆ 225 ಗಂಟೆ. ಗಂಟೆಗೆ 76 ರೂಪಾಯಿ. ಇದು ಲಾಭ ಅಲ್ಲ, ಇಬ್ಬರ ಕೂಲಿ. ಕೂಲಿ ಕಳೆದ ಮೇಲೆ ಏನಾದರೂ ಉಳಿದರೆ ಅದಕ್ಕೆ ಲಾಭ ಎನ್ನಬೇಕು.

ಇನ್ನೊಂದು. ಈಗ ನಿಮ್ಮ ವಹಿವಾಟು ವರ್ಷಕ್ಕೆ 8.76 ಲಕ್ಷ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ, ಬಾಯಿಮಾತಿನಲ್ಲಿ ಫಸ್ಸಾಯ್) ರಿಜಿಸ್ಟ್ರೇಷನ್ ಇರಬೇಕು. ಅದಕ್ಕೆ ವಹಿವಾಟಿನ ಮಿತಿ ಇದೆ, 2025ರಲ್ಲಿ 12 ಲಕ್ಷ ಇತ್ತು. ಪಿ.ಜಿ. ಆರ್ಡರ್ ಹಿಡಿದರೆ ಇನ್ನೊಂದು 6.13 ಲಕ್ಷ ಸೇರುತ್ತದೆ, ಒಟ್ಟು 14.9 ಲಕ್ಷ. ಈಗಿನ ಮಿತಿ ಎಷ್ಟು ನೋಡಿಕೊಳ್ಳಿ, ಅದನ್ನು ದಾಟಿದರೆ ರಿಜಿಸ್ಟ್ರೇಷನ್ ಸಾಲದು, ರಾಜ್ಯದ ಲೈಸೆನ್ಸ್ ಬೇಕು. ಬಾಡಿಗೆ ಮನೆಯ ಅಡುಗೆಮನೆಯ ನಕ್ಷೆ, ನೀರಿನ ಟೆಸ್ಟ್ ರಿಪೋರ್ಟ್, ಎಲ್ಲ ಕೇಳುತ್ತಾರೆ. ಮನೆ ಓನರ್ ಒಪ್ಪುತ್ತಾರಾ ಕೇಳಿಕೊಳ್ಳಿ.

ಮಾರ್ಕೆಟ್ ರೋಡ್ (ಬೆಳಿಗ್ಗೆ 9:40)

ಜಿಎಸ್‌ಟಿ ನೋಟಿಸ್ ಬರುವುದಿಲ್ಲವಾ? 2025ರ ಜುಲೈನಲ್ಲಿ ಯುಪಿಐ ನೋಡಿಕೊಂಡು ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಯಿತಲ್ಲ. ನಮ್ಮ ಬೀದಿಯ ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿಬಿಟ್ಟಿದ್ದರು. ನೀವೂ ಕ್ಯಾಶೇ ತೆಗೆದುಕೊಳ್ಳಿ, ತಲೆನೋವೇ ಇಲ್ಲ.

ಲೆಕ್ಕದ ಚೀಟಿ (ಬೆಳಿಗ್ಗೆ 10:02)

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ಇವರು 9 ಲಕ್ಷವನ್ನೂ ದಾಟಿಲ್ಲ. ಹೆದರಿಕೆ ಯಾಕೆ? ಕ್ಯಾಶ್ ಮಾಡಿದ ಮಾತ್ರಕ್ಕೆ ವಹಿವಾಟು ಮಾಯ ಆಗುವುದಿಲ್ಲ. ಯುಪಿಐ ಇದ್ದರೆ ಇನ್ನೂ ಒಳ್ಳೆಯದು. ಆದಾಯ ತೆರಿಗೆಗೆ ಸಣ್ಣ ವ್ಯಾಪಾರದ ಲಾಭವನ್ನು ಅಂದಾಜು ಲೆಕ್ಕದಲ್ಲಿ ತೋರಿಸುವವರಿಗೆ ಬ್ಯಾಂಕಿನ ಮೂಲಕ ಬಂದ ದುಡ್ಡಿಗೆ ಕನಿಷ್ಠ 6 ಪರ್ಸೆಂಟ್ ಆದಾಯ ಎಂದು ಹಿಡಿಯುತ್ತಾರೆ, ಕ್ಯಾಶಿಗೆ 8.

ಸಂಬಳ ಮತ್ತು ವ್ಯಾಪಾರ ಎರಡೂ ಇದ್ದರೆ ಸಾಮಾನ್ಯವಾಗಿ ಐಟಿಆರ್-4. ಫ್ಯಾಕ್ಟರಿಯಲ್ಲಿ ಫಾರಂ 16 ಕೊಟ್ಟರು, ಅಷ್ಟೇ ಫೈಲ್ ಮಾಡಿದೆ ಎಂದು ಕೂರಬೇಡಿ. ಎರಡೂ ಸೇರಿದರೂ ಹೊಸ ಪದ್ಧತಿಯಲ್ಲಿ ನಿಮಗೆ ಟ್ಯಾಕ್ಸ್ ಬರುವುದಿಲ್ಲ, ಆದರೆ ತೋರಿಸಬೇಕು. ಮತ್ತೆ, ವ್ಯಾಪಾರದಲ್ಲಿ ನಷ್ಟ ಆದರೆ ಅದನ್ನು ಸಂಬಳದಿಂದ ಕಳೆಯುವ ಹಾಗಿಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡು ಬರುತ್ತಾರೆ.

ಕ್ಯೂಆರ್ ಯಾವ ಅಕೌಂಟಿಗೆ ಇದೆ ನಿಮ್ಮದು? ಸಂಬಳದ ಅಕೌಂಟಿಗೇ ಇದ್ದರೆ ಇವತ್ತೇ ಬೇರೆ ಮಾಡಿ.

ಹಿಟ್ಟಿನ ಮನೆ (ಬೆಳಿಗ್ಗೆ 10:31)

ಟೀ ಬ್ರೇಕ್‌ನಲ್ಲಿ ಬರೆಯುತ್ತಿದ್ದೇನೆ. ಇಷ್ಟು ಉತ್ತರ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಫಸ್ಸಾಯ್ ಇದೆ, ನನ್ನ ಹೆಸರಿನಲ್ಲಿ. ಕ್ಯೂಆರ್ ಸಂಬಳದ ಅಕೌಂಟಿಗೇ ಇದೆ, ತಪ್ಪಾಯಿತು.

ಶಾರದಕ್ಕ, ಹೌದು, ನೆನೆ ಹಾಕುವುದು ರುಬ್ಬುವುದು ಅವಳೇ. ನಾನು ಬೇಕೆಂದೇ ಮುಚ್ಚಿಟ್ಟಿದ್ದಲ್ಲ. ಬರೆಯುವಾಗ ಹಾಗೆ ಬಂತು.

ಶಾರದಕ್ಕ (ಬೆಳಿಗ್ಗೆ 10:44)

ಬೇಕೆಂದೇ ಬರೆದಿದ್ದರೆ ಬಿಡುತ್ತಿದ್ದೆ. ಹಾಗೇ ಬಂತಲ್ಲ, ಅದಕ್ಕೇ ಕೇಳಿದ್ದು.

ತಿಪ್ಪಸಂದ್ರ (ಬೆಳಿಗ್ಗೆ 11:20)

ಐಡಿ ಕಥೆ ಎಲ್ಲರೂ ಅರ್ಧ ಹೇಳುತ್ತಾರೆ. 2005ರಲ್ಲಿ ಶುರು ಆದದ್ದು ನಿಜ, 50 ಚದರಡಿ ಜಾಗ ಎಂಬುದೂ ನಿಜ. ಆದರೆ ನಮ್ಮ ತಿಪ್ಪಸಂದ್ರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವರು ಮುಸ್ತಫಾ ಅವರ ಸಂಬಂಧಿಕರು. ಹಿಟ್ಟು ರುಬ್ಬಿ, ಅಂಗಡಿ ಅಂಗಡಿಗೆ ಹಾಕಿ, ದಿನದ ಕೆಲಸ ನೋಡಿಕೊಂಡವರು ಅವರು. ಮುಸ್ತಫಾ ಮೊದಲು ಹಣ ಹಾಕಿ ಜೊತೆಗಿದ್ದರು, ಪೂರ್ತಿಯಾಗಿ ಬಂದದ್ದು ಆಮೇಲೆ. ಅಂದರೆ ಅಲ್ಲೂ ಯಾರೋ ಒಬ್ಬರು ಇಡೀ ದಿನ ಹಿಟ್ಟಿನ ಹತ್ತಿರ ಇದ್ದರು. ನಿಮ್ಮ ಮನೆಯಲ್ಲಿ ಅದು ನಿಮ್ಮ ಹೆಂಡತಿ. ನೀವು ಪಾರ್ಟ್ ಟೈಮ್ ಅಷ್ಟೇ, ವ್ಯಾಪಾರ ಪಾರ್ಟ್ ಟೈಮ್ ಅಲ್ಲ.

ನುಗ್ಗಿ ನೋಡು (ಬೆಳಿಗ್ಗೆ 11:26)

ಸರಿ, ಒಪ್ಪಿದೆ. ಆದರೂ ಬಿಡಬೇಕು ಎಂಬುದೇ ನನ್ನ ಅಭಿಪ್ರಾಯ.

ಕಾನೂನು ಕಣ್ಣು (ಮಧ್ಯಾಹ್ನ 12:50)

ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. "ಕಂಪನಿಯ ಅನುಮತಿ ಇಲ್ಲದೆ ಬೇರೆ ಉದ್ಯೋಗ, ವ್ಯಾಪಾರ ಮಾಡಬಾರದು" ಎಂಬ ಸಾಲು ಬಹುತೇಕ ಎಲ್ಲ ಲೆಟರ್‌ಗಳಲ್ಲಿ ಇರುತ್ತದೆ. 2022ರಲ್ಲಿ ವಿಪ್ರೋ 300 ಜನರನ್ನು ಮನೆಗೆ ಕಳಿಸಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ ಸೆಕ್ಷನ್ 60ರಲ್ಲೂ ಒಂದೇ ದಿನ ಎರಡು ಕಾರ್ಖಾನೆಯಲ್ಲಿ ದುಡಿಯಬಾರದು ಎಂದು ಇತ್ತು.

ರಾತ್ರಿ ಪಾಳಿ (ಮಧ್ಯಾಹ್ನ 1:08)

ವಿಪ್ರೋದವರು ಕಳಿಸಿದ್ದು ಪ್ರತಿಸ್ಪರ್ಧಿ ಕಂಪನಿಗೂ ಕೆಲಸ ಮಾಡುತ್ತಿದ್ದವರನ್ನು ಸ್ವಾಮಿ. ಇವರು ಬೇರಿಂಗ್ ಅಳೆದು ಬಂದು ದೋಸೆ ಹಿಟ್ಟು ಮಾರುತ್ತಿದ್ದಾರೆ. ಅದೇ ವರ್ಷ ಇನ್ಫೋಸಿಸ್‌ನವರು ಮೊದಲೇ ಅನುಮತಿ ಪಡೆದರೆ ಹೊರಗಿನ ಸಣ್ಣ ಕೆಲಸ ಮಾಡಬಹುದು ಎಂದರು, ಅದನ್ನು ಯಾಕೆ ಹೇಳಲಿಲ್ಲ? ಮತ್ತೆ ಒಂದು ಗ್ರೈಂಡರ್, ಇಬ್ಬರು ಜನ ಇರುವ ಅಡುಗೆಮನೆ ಕಾರ್ಖಾನೆ ಹೇಗಾಗುತ್ತದೆ?

ಕಾನೂನು ಕಣ್ಣು (ಮಧ್ಯಾಹ್ನ 1:15)

ಕಾರ್ಖಾನೆ ಆಗುವುದಿಲ್ಲ, ಒಪ್ಪುತ್ತೇನೆ. ಲೆಟರ್ ಓದಿ ಎಂಬ ಮಾತು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಸೂಪರ್‌ವೈಸರ್ ಆದ ಮೇಲೆ ಆಗದವರು ಯಾರಾದರೂ ಎಚ್‌ಆರ್‌ಗೆ ಒಂದು ಫೋಟೋ ಕಳಿಸಿದರೆ ಸಾಕು.

ಗುಮಾಸ್ತ (ಮಧ್ಯಾಹ್ನ 2:30)

ನೀವು ಪ್ರೈವೇಟ್, ಪುಣ್ಯವಂತರು. ನಾವು ರಾಜ್ಯ ಸರ್ಕಾರಿ ನೌಕರರು, 2021ರ ನಡತೆ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ವ್ಯಾಪಾರ ಮಾಡುವ ಹಾಗೇ ಇಲ್ಲ. ಮನೆಯವರು ಮಾಡಿದರೂ ಇಲಾಖೆಗೆ ತಿಳಿಸಬೇಕು. ನನ್ನ ಹೆಂಡತಿ ಸೀರೆ ಮಾರುತ್ತಾಳೆ. ತಿಳಿಸಿ ಪತ್ರ ಕೊಟ್ಟೆ. ಈಗ ಆಫೀಸಿನ ಅರ್ಧ ಜನ ಅವಳ ಗಿರಾಕಿಗಳು, ಅದೂ ಸಾಲದ ಗಿರಾಕಿಗಳು.

ಎಡಿಸನ್ ಕನ್ನಡಿಗ (ಮಧ್ಯಾಹ್ನ 2:41)

ನ್ಯೂಜೆರ್ಸಿಯಿಂದ. ಎಚ್-1ಬಿ ಮೇಲೆ ಇರುವ ನಮಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ವೀಸಾ ಯಾವ ಕಂಪನಿಯದ್ದೋ ಅವರಿಗೇ ದುಡಿಯಬೇಕು. ಇಲ್ಲಿ ವಾರಕ್ಕೊಮ್ಮೆ ಹಿಟ್ಟು ರುಬ್ಬಿ ಸ್ನೇಹಿತರಿಗೆ ಪುಕ್ಕಟೆ ಹಂಚುತ್ತೇನೆ. ಚಟ ಅಷ್ಟೇ.

ಮೀಟರ್ ಬೋರ್ಡ್ (ಮಧ್ಯಾಹ್ನ 3:05)

ಕರೆಂಟ್ ಸೇರಿ 30 ರೂಪಾಯಿ ಎಂದಿರಿ. ಮನೆ ಮೀಟರ್‌ನಲ್ಲೇ ಗ್ರೈಂಡರ್ ಓಡಿಸುತ್ತಿದ್ದೀರಾ? ಗೃಹಜ್ಯೋತಿ ಬರುತ್ತಿದೆಯಾ?

ಹಿಟ್ಟಿನ ಮನೆ (ಮಧ್ಯಾಹ್ನ 3:40)

ಬರುತ್ತಿತ್ತು. ದೊಡ್ಡ ಗ್ರೈಂಡರ್ ತಂದ ಮೇಲೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತಿದೆ.

ಮೀಟರ್ ಬೋರ್ಡ್ (ಮಧ್ಯಾಹ್ನ 3:52)

ಅದು ಮನೆ ಬಳಕೆಗೆ ಮಾತ್ರ ಇರುವ ಯೋಜನೆ. 80–90 ಕೆ.ಜಿ. ರುಬ್ಬಲು ಹೊರಟರೆ ಬೇರೆ ಮೀಟರ್ ಹಾಕಿಸಿ. ಪಕ್ಕದ ಮನೆಯವರಿಗೆ ಗ್ರೈಂಡರ್ ಸದ್ದು ಕಿರಿಕಿರಿ ಆದ ದಿನ ದೂರು ಹೋಗುತ್ತದೆ. ಅನುಭವದ ಮಾತು.

ದೊಣ್ಣೆ ಮೆಣಸು (ಸಂಜೆ 4:20)

ಅಕ್ಕಿ ಎಲ್ಲಿಂದ ತರುತ್ತೀರಿ? ನಮ್ಮ ಕಡೆ ಎಲ್ಲರೂ ರೇಷನ್ ಅಕ್ಕಿಯಲ್ಲೇ ದೋಸೆ ಮಾಡುವುದು. ಬೀದಿಯಲ್ಲಿ ಕೆ.ಜಿ.ಗೆ ಅರ್ಧ ಬೆಲೆಗೆ ಸಿಗುತ್ತದೆ. ಖರ್ಚು 30ರಿಂದ 22ಕ್ಕೆ ಇಳಿಯುತ್ತದೆ.

ಲೆಕ್ಕದ ಚೀಟಿ (ಸಂಜೆ 4:33)

ಅಯ್ಯೋ ದೇವರೇ. ರೇಷನ್ ಅಕ್ಕಿ ಕೊಂಡು ವ್ಯಾಪಾರ ಮಾಡಿದರೆ ಅಗತ್ಯ ವಸ್ತುಗಳ ಕಾಯ್ದೆ ಪ್ರಕಾರ ಕೇಸು. ನಿಮ್ಮ ಕಾರ್ಡಿನ ಅಕ್ಕಿಯಲ್ಲಿ ನಿಮ್ಮ ಮನೆಗೆ ದೋಸೆ ಮಾಡಿಕೊಳ್ಳಿ, ಯಾರೂ ಕೇಳುವುದಿಲ್ಲ. ಮಾರುವುದಕ್ಕೆ ಬೇಡ.

ದೊಣ್ಣೆ ಮೆಣಸು (ಸಂಜೆ 4:35)

ಸುಮ್ನೆ ಹೇಳಿದೆ ಸರ್.

ಅಜ್ಜಿಯ ಒರಳು (ಸಂಜೆ 5:02)

ಅಳತೆ ಎಷ್ಟು ಹಾಕುತ್ತೀರಿ? ನಾಲ್ಕಕ್ಕೆ ಒಂದಾ? ಮೆಂತ್ಯ? ಅಂಗಡಿ ಹಿಟ್ಟಿನಲ್ಲಿ ಉದ್ದು ಕಡಿಮೆ ಹಾಕಿ ಸೋಡಾ ಹಾಕುತ್ತಾರೆ, ದೋಸೆ ಕಾಗದದ ಹಾಗೆ ಬರುತ್ತದೆ.

ಹಿಟ್ಟಿನ ಮನೆ (ಸಂಜೆ 6:15)

ನಾಲ್ಕಕ್ಕೆ ಒಂದು, ಮೆಂತ್ಯ ಸ್ವಲ್ಪ, ಒಂದು ಹಿಡಿ ಅವಲಕ್ಕಿ. ಸೋಡಾ ಮುಟ್ಟುವುದಿಲ್ಲ. ಉದ್ದು ಮಾತ್ರ ಕೆ.ಜಿ.ಗೆ 125 ಆಗಿದೆ.

ಲಾಲ್‌ಬಾಗ್ ಪಶ್ಚಿಮ (ಸಂಜೆ 6:40)

ವಿಷಯಾಂತರಕ್ಕೆ ಕ್ಷಮಿಸಿ. ಉದ್ದು ತುಟ್ಟಿ ಎಂದಾಗ ನೆನಪಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದ್ದು, ಅದೇ ರವೆ ಇಡ್ಲಿ. ಎಮರ್ಜೆನ್ಸಿಯಲ್ಲಿ ಹೋಟೆಲ್ ತಿಂಡಿಯ ಬೆಲೆ ಕಟ್ಟಿಹಾಕಿದಾಗ ಹೋಟೆಲ್ ಮುಚ್ಚಿ ಪುಡಿ, ಮಿಕ್ಸ್‌ಗಳ ಕಡೆ ತಿರುಗಿದರು. ಕಷ್ಟ ಬಂದಾಗಲೆಲ್ಲ ಒಂದು ಹೊಸ ತಿಂಡಿ.

ತಟ್ಟೆ ಇಡ್ಲಿ (ಸಂಜೆ 6:44)

ರವೆ ಇಡ್ಲಿ ಇಡ್ಲಿಯೇ ಅಲ್ಲ. ನಾನು ಬಿಡದಿಯವನು, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಲಾಲ್‌ಬಾಗ್ ಪಶ್ಚಿಮ (ಸಂಜೆ 6:45)

ತಟ್ಟೆಯಲ್ಲಿ ಹುಯ್ದದ್ದೆಲ್ಲ ಇಡ್ಲಿ ಆಗುವುದಾದರೆ ರವೆಯದ್ದೂ ಆಗುತ್ತದೆ ಬಿಡಿ.

ಧಾರವಾಡದ ಮೊಮ್ಮಗಳು (ಸಂಜೆ 7:30)

ಇಡ್ಲಿ ಜಗಳ ಆಮೇಲೆ. ನನ್ನದು ಹೇಳುತ್ತೇನೆ, ಉಪಯೋಗ ಆದರೆ ಆಗಲಿ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. ಹತ್ತರಿಂದ ಐದೂವರೆ. ಏಳು ವರ್ಷದಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ ಮಾಡಿ ಬೆಂಗಳೂರು, ಪುಣೆಗೆ ಕಳಿಸುತ್ತೇನೆ. ಕೆಲಸ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹೇಗೆಂದರೆ, ನನ್ನ ಸರಕು ಕಾಯುತ್ತದೆ. ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಗುರುವಾರ ರಾತ್ರಿಯವರೆಗೆ ಆರ್ಡರ್, ಶನಿವಾರ ಭಾನುವಾರ ಮಾಡುವುದು, ಸೋಮವಾರ ಪಾರ್ಸೆಲ್. ಶುಕ್ರವಾರ ಯಾರು ಫೋನ್ ಮಾಡಿದರೂ ಮುಂದಿನ ವಾರ ಎನ್ನುತ್ತೇನೆ. ಶುರುವಿನಲ್ಲಿ ಜನ ಮುನಿಸಿಕೊಂಡರು, ಈಗ ಅವರೇ ಬುಧವಾರ ನೆನಪಿಸುತ್ತಾರೆ. ರೊಟ್ಟಿ ಬಡಿಯಲು ಇಬ್ಬರು ಬರುತ್ತಾರೆ, ಅವರಿಗೆ ರೊಟ್ಟಿ ಲೆಕ್ಕದಲ್ಲಿ ದುಡ್ಡು.

ನಿಮ್ಮ ಹಿಟ್ಟು ಹಾಗಲ್ಲ. ಅದು ನಿಮ್ಮನ್ನು ಕಾಯುವುದಿಲ್ಲ, ನೀವೇ ಅದನ್ನು ಕಾಯಬೇಕು. ಅದಕ್ಕೇ ಮೂರು ಪಾಳಿಯ ಕೆಲಸ ಮತ್ತು ಹಿಟ್ಟು ಜೊತೆಗೆ ಸಾಧ್ಯವೇ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಬರುವ ಹೊತ್ತಿಗೆ ಅಂಗಡಿಯವರು ಬೇರೆಯವರ ಪ್ಯಾಕೆಟ್ ಫ್ರಿಜ್‌ಗೆ ಇಟ್ಟಿರುತ್ತಾರೆ.

ಬೇಕರಿ ಮುಚ್ಚಿದವನು (ಸಂಜೆ 7:48)

ಈ ಇಡೀ ಚರ್ಚೆಯಲ್ಲಿ ಇದೊಂದು ಉತ್ತರ ಓದಿದರೆ ಸಾಕು.

ಸಬ್ಸಿಡಿ ಸಂಗಣ್ಣ (ರಾತ್ರಿ 8:15)

ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇನ್ನೂ ಇದೆಯಾ ನೋಡಿ. 2025-26ರಲ್ಲಿ ಸಣ್ಣ ಆಹಾರ ಘಟಕಕ್ಕೆ ಕೇಂದ್ರದ್ದು 35 ಪರ್ಸೆಂಟ್, ನಮ್ಮ ರಾಜ್ಯ 15 ಸೇರಿಸುತ್ತಿತ್ತು. ಒಟ್ಟು ಅರ್ಧ ಸಬ್ಸಿಡಿ, 15 ಲಕ್ಷದವರೆಗೆ. ಮುದ್ರಾ ಶಿಶು ಸಾಲ 50 ಸಾವಿರದವರೆಗೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ರಿಜಿಸ್ಟ್ರೇಷನ್ ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಗಳಲ್ಲಿ ಪುಕ್ಕಟೆ ಸ್ವಉದ್ಯೋಗ ತರಬೇತಿ, ಊಟ ವಸತಿ ಸಮೇತ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಸಣ್ಣ ಸಣ್ಣ ಕೋರ್ಸ್ ನಡೆಸುತ್ತದೆ.

ಮಾರ್ಕೆಟ್ ರೋಡ್ (ರಾತ್ರಿ 8:22)

ಸಬ್ಸಿಡಿ ಅಂದರೆ ಕೈಗೆ ದುಡ್ಡು ಕೊಡುತ್ತಾರೆ ಅಂದುಕೊಳ್ಳಬೇಡಿ. ಮೊದಲು ಬ್ಯಾಂಕ್ ಸಾಲ ಆಗಬೇಕು, ಸಬ್ಸಿಡಿ ಸಾಲದ ಲೆಕ್ಕಕ್ಕೆ ಹೋಗುತ್ತದೆ. ಸಾಲ ಕೊಡುವ ಮ್ಯಾನೇಜರ್ ಸಿಗುವುದೇ ಕಷ್ಟ.

ಲೆಕ್ಕದ ಚೀಟಿ (ರಾತ್ರಿ 8:40)

ಉದ್ಯಮ್ ಮಾಡಿಸಿ, ಅದರಲ್ಲಿ ಇನ್ನೊಂದು ಲಾಭ ಇದೆ. ಸಣ್ಣ ಉದ್ಯಮದಿಂದ ಸರಕು ತೆಗೆದುಕೊಂಡವರು ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ 15 ದಿನ. ಪಿ.ಜಿ.ಯವರು ಎಷ್ಟು ದಿನದ ಸಾಲ ಕೇಳುತ್ತಿದ್ದಾರೆ?

ಹಿಟ್ಟಿನ ಮನೆ (ರಾತ್ರಿ 9:10)

ಒಂದೂವರೆ ತಿಂಗಳಿಗೊಮ್ಮೆ ಸೆಟಲ್ ಮಾಡುತ್ತೇವೆ ಎಂದಿದ್ದಾರೆ.

ಲೆಕ್ಕದ ಚೀಟಿ (ರಾತ್ರಿ 9:14)

ಹಾಗಾದರೆ ಪ್ರತಿ ಸಲ ಸೆಟಲ್ ಆಗುವ ಹೊತ್ತಿಗೆ ನಿಮ್ಮ 75,600 ರೂಪಾಯಿ ಅವರ ಹತ್ತಿರ ಇರುತ್ತದೆ. ನಿಮ್ಮ ಉಳಿತಾಯ 1.8 ಲಕ್ಷ ಎಂದು ಇನ್ನು ಹೇಳಬೇಡಿ.

ಪಿ.ಜಿ. ಅಡುಗೆಭಟ್ಟ (ರಾತ್ರಿ 9:50)

ನಾನು ಮೂರು ಪಿ.ಜಿ.ಗಳಲ್ಲಿ ಅಡುಗೆ ಮಾಡಿದ್ದೇನೆ. ಸೆಕ್ಷನ್ ಗಿಕ್ಷನ್ ಹೇಳಿದರೆ ಓನರ್ ನಾಳೆಯಿಂದ ಬೇರೆ ಕಡೆ ತರಿಸುತ್ತಾನೆ, ಅಷ್ಟೇ. ಐದೂವರೆಗೆ ಹಿಟ್ಟು ಬಾಗಿಲಲ್ಲಿ ಇರಬೇಕು. ದೀಪಾವಳಿ, ಸಂಕ್ರಾಂತಿ, ಯುಗಾದಿಗೆ ಹುಡುಗರು ಊರಿಗೆ ಹೋಗುತ್ತಾರೆ. ಆಗ "ಹತ್ತು ಕೆ.ಜಿ. ಸಾಕು" ಎಂದು ರಾತ್ರಿ ಒಂಬತ್ತಕ್ಕೆ ಫೋನ್. ನೀವು ಅಷ್ಟರಲ್ಲಿ ರುಬ್ಬಿ ಆಗಿರುತ್ತದೆ.

ಶಾರದಕ್ಕ (ರಾತ್ರಿ 10:05)

ಎಲ್ಲ ಸರಿ. ಆ ಹುಡುಗಿಯನ್ನು ಯಾರಾದರೂ ಕೇಳಿದಿರಾ? ತಮ್ಮಾ, ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಕೇಳು.

ಹಿಟ್ಟಿನ ಮನೆ (ಭಾನುವಾರ, ರಾತ್ರಿ 9:35)

ಎರಡು ದಿನ ಬರೆಯಲು ಆಗಲಿಲ್ಲ.

ಶನಿವಾರ ಮಗ ಮಲಗಿದ ಮೇಲೆ ಕೇಳಿದೆ. ನಾನು ನಿರೀಕ್ಷೆ ಮಾಡಿದ್ದು, ಬೇಡ ಎನ್ನುತ್ತಾಳೆ, ಇಲ್ಲವೇ ನಿಮ್ಮಿಷ್ಟ ಎನ್ನುತ್ತಾಳೆ ಎಂದು. ಎರಡೂ ಅನ್ನಲಿಲ್ಲ. ಬೀರು ಮೇಲಿಂದ ಮಗನ ಹಳೆಯ ಕಾಪಿ ಪುಸ್ತಕ ತೆಗೆದಳು. ವಾಪಸ್ ಬಂದ ಪ್ಯಾಕೆಟ್‌ಗಳನ್ನು ನಾನು ಸಂಜೆ ಮೂಲೆಯಲ್ಲಿ ಇಟ್ಟುಬಿಡುತ್ತೇನೆ. ಅವಳು ಯಾವ ಅಂಗಡಿಯ ಚೀಲದಲ್ಲಿ ಎಷ್ಟು ಎಂದು ದಿನಾ ಬರೆದಿಟ್ಟಿದ್ದಾಳೆ. ಹೋದ ತಿಂಗಳು ವಾಪಸ್ ಬಂದದ್ದು 164. ಅದರಲ್ಲಿ 121 ಎರಡೇ ಅಂಗಡಿಯದ್ದು. ಆ ಎರಡೂ ಅಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ ಆಫ್ ಮಾಡಿ ಹೋಗುತ್ತಾರಂತೆ. ಒಂದು ದಿನ ಹಾಲಿಗೆ ಬೇಗ ಹೋದಾಗ ನೋಡಿದ್ದಾಳೆ. ದಸರಾದಿಂದ ಗೊತ್ತಂತೆ. ಯಾಕೆ ಹೇಳಲಿಲ್ಲ ಎಂದೆ. "ಹೇಳಿದೆ. ನೀವು ಚಳಿಗಾಲ ಬಂದರೆ ಸರಿಹೋಗುತ್ತದೆ ಎಂದಿರಿ" ಎಂದಳು. ನನಗೆ ನೆನಪೇ ಇಲ್ಲ.

ಲೆಕ್ಕದ ಚೀಟಿ ಸರ್, ನಿಮ್ಮ ಹಾಗೆ ಕೂತು ಲೆಕ್ಕ ಹಾಕಿದೆವು. ಆ ಎರಡು ಅಂಗಡಿಗೆ ದಿನಕ್ಕೆ 12, ತಿಂಗಳಿಗೆ 360 ಪ್ಯಾಕೆಟ್. ಖರ್ಚು 10,800. ಮಾರಾಟ ಆದದ್ದು 239, ಬಂದದ್ದು 11,472. ಅಂದರೆ 672 ರೂಪಾಯಿಗೆ ಅವಳು 360 ಕೆ.ಜಿ. ರುಬ್ಬಿದ್ದಾಳೆ. ನಾಳೆಯಿಂದ ಆ ಎರಡೂ ಅಂಗಡಿಗೆ ಹಾಕುವುದಿಲ್ಲ. ಪೆಟ್ರೋಲ್ ಉಳಿಯುವುದನ್ನು ಸೇರಿಸಿದರೆ ಕಡಿಮೆ ಆಗುವುದು ತಿಂಗಳಿಗೆ ಮುನ್ನೂರು ನಾನೂರು.

ಪಿ.ಜಿ. ಬೇಡ ಎಂದಳು. ಬೇಕಾದರೆ ವಾರಕ್ಕೊಮ್ಮೆ ದುಡ್ಡು ಕೊಡುವ ಸಣ್ಣ ಮೆಸ್ ನೋಡೋಣ, 15 ಕೆ.ಜಿ.ಗಿಂತ ಜಾಸ್ತಿ ಬೇಡ, ಅದೂ ಪಕ್ಕದ ಮನೆಯ ಅಕ್ಕ ಮೂರು ಗಂಟೆ ಬರಲು ಒಪ್ಪಿದರೆ ಮಾತ್ರ ಅಂತೆ. ಅವರಿಗೆ ದಿನಕ್ಕೆ 250 ಕೊಡಬೇಕು ಎಂದು ಅವಳೇ ಮಾತಾಡಿಟ್ಟಿದ್ದಾಳೆ! ಕೊನೆಗೆ ಇನ್ನೊಂದು ಹೇಳಿದಳು. ಕ್ಯೂಆರ್ ತನ್ನ ಹೆಸರಿಗೆ ಮಾಡಿಸಿ ಎಂದು.

ಧಾರವಾಡದ ಮೊಮ್ಮಗಳು (ರಾತ್ರಿ 9:41)

ಆ ಕಾಪಿ ಪುಸ್ತಕಕ್ಕೆ ನನ್ನದೊಂದು ನಮಸ್ಕಾರ.

ಲೆಕ್ಕದ ಚೀಟಿ (ರಾತ್ರಿ 9:58)

ಕ್ಯೂಆರ್ ಮಾತ್ರ ಬದಲಾಯಿಸಿದರೆ ಸಾಲದು. ಫಸ್ಸಾಯ್, ಉದ್ಯಮ್, ಬ್ಯಾಂಕ್ ಅಕೌಂಟ್, ಪ್ಯಾಕೆಟ್ ಮೇಲಿನ ಹೆಸರು, ಎಲ್ಲ ಅವರ ಹೆಸರಿಗೆ ಆಗಲಿ. ಆಗ ಅಪಾಯಿಂಟ್‌ಮೆಂಟ್ ಲೆಟರಿನ ತೊಂದರೆಯೂ ಕಡಿಮೆ. ಒಂದು ಎಚ್ಚರಿಕೆ, ನೀವು ಅವರಿಗೆ ದುಡ್ಡು ಕೊಟ್ಟು ಅದೇ ಬಂಡವಾಳ ಆದರೆ ಆ ಪಾಲಿನ ಆದಾಯ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಮೊತ್ತಕ್ಕೆ ಅದರಿಂದ ಟ್ಯಾಕ್ಸ್ ಬರುವುದಿಲ್ಲ, ಆದರೆ ಬರೆದಿಡಿ. ಬರೆದಿಡುವುದು ಅವರಿಗೆ ಹೇಳಿಕೊಡಬೇಕಿಲ್ಲ ಬಿಡಿ.

ನುಗ್ಗಿ ನೋಡು (ರಾತ್ರಿ 10:10)

ಪ್ರಮೋಷನ್ ಏನಾಯಿತು?

ಹಿಟ್ಟಿನ ಮನೆ (ಸೋಮವಾರ, ಸಂಜೆ 6:50)

ಮಾರ್ಚ್‌ವರೆಗೆ ಸಮಯ ಕೊಡಿ, ಅಲ್ಲಿಯವರೆಗೆ ಜನರಲ್ ಶಿಫ್ಟ್‌ನಲ್ಲೇ ಇರುತ್ತೇನೆ ಎಂದೆ. ಮ್ಯಾನೇಜರ್ ಮುಖ ಸಣ್ಣದಾಯಿತು. "ನೋಡೋಣ" ಎಂದರು. ಬೇರೆಯವರಿಗೆ ಕೊಟ್ಟರೂ ಕೊಡಬಹುದು. ಹೊಟ್ಟೆಯಲ್ಲಿ ಸ್ವಲ್ಪ ಸಂಕಟ ಆಗುತ್ತಿದೆ, ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷಕ್ಕೆ ಮೊದಲ ಸಲ ಕರೆದು ಕೇಳಿದ್ದರು.

ರಾತ್ರಿ ಪಾಳಿ (ಸಂಜೆ 7:05)

ಹದಿನಾಲ್ಕು ವರ್ಷದಿಂದ ನೈಟ್ ಮಾಡುತ್ತಿರುವವನು ಹೇಳುತ್ತೇನೆ, ಆ ಆರೂವರೆ ಸಾವಿರ ಹಗಲು ನಿದ್ದೆಗೆ ಕೊಡುವ ಬಾಡಿಗೆ. ಹೆಚ್ಚೇನೂ ಕಳೆದುಕೊಂಡಿಲ್ಲ.

ಹಿಟ್ಟಿನ ಮನೆ (ಸಂಜೆ 7:20)

ಅವಳೇ ಒಂದು ಪ್ರಶ್ನೆ ಕೇಳಲು ಹೇಳಿದ್ದಾಳೆ. ಚಳಿಗೆ ಹಿಟ್ಟು ಬೆಳಗಿನ ಜಾವಕ್ಕೆ ಹುಳಿ ಬರುತ್ತಿಲ್ಲ. ಡಿಸೆಂಬರ್ ಬಂದರೆ ಇನ್ನೂ ಕಷ್ಟ. ನೀವೆಲ್ಲ ಏನು ಮಾಡುತ್ತೀರಿ?

ಅಜ್ಜಿಯ ಒರಳು (ಸಂಜೆ 7:26)

ರುಬ್ಬುವಾಗ ಉಗುರು ಬೆಚ್ಚಗಿನ ನೀರು ಹಾಕಲಿ. ಕಲಸುವುದು ಕೈಯಲ್ಲೇ, ಸೌಟಿನಲ್ಲಿ ಅಲ್ಲ. ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆ ಪಕ್ಕದಲ್ಲಿ ಇಡಲಿ. ಹಿಂದಿನ ದಿನದ ಹಿಟ್ಟು ಒಂದು ಸೌಟು ಬೆರೆಸಿದರೆ ಇನ್ನೂ ಬೇಗ.

ಎಡಿಸನ್ ಕನ್ನಡಿಗ (ಸಂಜೆ 7:31)

ನಾವು ಇಲ್ಲಿ ಓವನ್ ಒಳಗೆ ಲೈಟ್ ಹಾಕಿ ಇಡುತ್ತೇವೆ. ಹೊರಗೆ ಹಿಮ, ಒಳಗೆ ಹಿಟ್ಟು ಉಕ್ಕಿ ಚೆಲ್ಲಿರುತ್ತದೆ.

ಶಾರದಕ್ಕ (ಸಂಜೆ 7:40)

ಸಂಜೆ ಒಂದು ಗಂಟೆ ಮೊದಲೇ ರುಬ್ಬಲಿ ಅಷ್ಟೇ. ಎರಡು ಅಂಗಡಿ ಕಡಿಮೆ ಆಯಿತಲ್ಲ, ಈಗ ಆ ಹೊತ್ತು ಸಿಗುತ್ತದೆ.

ತಿಂಡಿಪೋತ (ರಾತ್ರಿ 8:02)

ಎಲ್ಲ ಆಯಿತು. ಏಳು ಅಂಗಡಿ ಉಳಿದವಲ್ಲ, ಅದರಲ್ಲಿ ಒಂದರ ಹೆಸರಾದರೂ ಹೇಳಿ ಮಾರಾಯರೇ. ನಾಲ್ಕು ದಿನದಿಂದ ಉಪ್ಪಿಟ್ಟು ತಿನ್ನುತ್ತಿದ್ದೇನೆ.